ಕ್ಲಚ್ ಲಿವರ್ ಇಲ್ಲದ ಟೂರಿಂಗ್ ಬೈಕ್: ಯೂ-ಟರ್ನ್‌ನಲ್ಲಿ ಇರಲಿ ಎಚ್ಚರ

ಯಮಹಾ 2006ರ ಮಾದರಿಯಾಗಿ ವಿದೇಶಗಳಲ್ಲಿ ಪರಿಚಯಿಸಿದ ಎಫ್‌ಜೆಆರ್1300ಎಎಸ್ ಟೂರಿಂಗ್ ಬೈಕ್‌ನಲ್ಲಿ ಕ್ಲಚ್ ಲಿವರ್ರೇ ಇಲ್ಲ. ಹಾಗಂತ ಇದು ಸ್ಕೂಟರ್‌ನಂತೆ ಪೂರ್ತಿ ಆಟೊಮ್ಯಾಟಿಕ್ ಅಲ್ಲ. ಯಾವ ಗೇರ್ ಬೇಕೆಂದು ಸವಾರರೇ ನಿರ್ಧರಿಸಬೇಕು. ಕಾಲಿನ ಪೆಡಲ್ ಅಥವಾ ಹ್ಯಾಂಡಲ್‌ನ ಸ್ವಿಚ್ ಒತ್ತಿದರೆ, ಕ್ಲಚ್ ಬಿಡಿಸಿ ಗೇರ್ ಬದಲಿಸುವ ಕೆಲಸವನ್ನು ಕಂಪ್ಯೂಟರ್ ನಿಯಂತ್ರಿತ ಮೋಟರ್‌ಗಳು ಮಾಡುತ್ತವೆ. ಟ್ರಾಫಿಕ್‌ನಲ್ಲಿ ಎಡಗೈಗೆ ಆರಾಮ.

ತೊಂದರೆ ಇರುವುದು ಯೂ-ಟರ್ನ್‌ನಲ್ಲಿ. ಸಾಮಾನ್ಯ ಬೈಕ್ ಆದರೆ ಕ್ಲಚ್ ಅರ್ಧ ಹಿಡಿದು ನಿಧಾನಕ್ಕೆ ತಿರುಗಿಸುತ್ತೇವೆ. ಇಲ್ಲಿ ಅದಕ್ಕೆ ಅವಕಾಶವಿಲ್ಲ. ತಿರುವಿನ ಮಧ್ಯೆ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಎಂಜಿನ್ ವೇಗ ಇಳಿದು ಕ್ಲಚ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಚಕ್ರಕ್ಕೆ ಎಳೆತ ತಪ್ಪಿ, 300 ಕೆಜಿಗೆ ಹತ್ತಿರದ ಬೈಕ್ ಪಕ್ಕಕ್ಕೆ ವಾಲುತ್ತದೆ. ಹಿಂದೆ ಯಾರಾದರೂ ಕುಳಿತಿದ್ದರೆ ಕಾಲು ಕೊಟ್ಟು ತಡೆಯುವುದು ಕಷ್ಟವೇ!

ಹೀಗಾಗಿ ಆಕ್ಸಿಲರೇಟರ್ ಸ್ವಲ್ಪ ಕೊಡುತ್ತಲೇ ಇರಿ, ವೇಗವನ್ನು ಹಿಂದಿನ ಬ್ರೇಕ್‌ನಿಂದ ಹಿಡಿತದಲ್ಲಿಡಿ. ಮುಂದಿನ ಬ್ರೇಕ್ ತಂಟೆಗೆ ಹೋಗಬೇಡಿ. ರಸ್ತೆಗಿಳಿಯುವ ಮೊದಲು ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡುವುದು ಒಳ್ಳೆಯದು.

ಭಾರತದಲ್ಲಿ 2025ರಲ್ಲಿ ಬಿಡುಗಡೆಯಾದ ಹೋಂಡಾ ಸಿಬಿ650ಆರ್ ಇ-ಕ್ಲಚ್ ಟೂರಿಂಗ್ ಬೈಕ್ ಅಲ್ಲದಿದ್ದರೂ, ಅದರಲ್ಲಿ ಲಿವರ್ ಉಳಿಸಿಕೊಳ್ಳಲಾಗಿದೆ. ಇಂಥ ತಿರುವಿನಲ್ಲಿ ಬೇಕೆನಿಸಿದರೆ ಕ್ಲಚ್ ಕೈಯಲ್ಲೇ ಹಿಡಿಯಬಹುದು.