ಹೋಂ ನರ್ಸ್: ಬರೆಯದೆ ಉಳಿದ ಚರಿತ್ರೆಯ ಒಂದು ಪುಟ

ಬೆಳ್ಳಾರೆಯ ಚರಿತ್ರೆಯನ್ನು ಕೇಳಿದರೆ ಊರಿನ ಹಿರಿಯರು ಮೊದಲು ಎತ್ತುವುದು 1837ರ ಮಾತನ್ನು. ಅಮರ ಸುಳ್ಯದ ರೈತರು ಇಲ್ಲಿದ್ದ ಕಂಪೆನಿ ಸರಕಾರದ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿನವರೆಗೆ ನಡೆದದ್ದು, ಬಾವುಟಗುಡ್ಡೆಯ ಮೇಲೆ ತಮ್ಮ ಧ್ವಜ ಏರಿಸಿದ್ದು ಈಗ ಎಲ್ಲರಿಗೂ ತಿಳಿದ ವಿಷಯ. ಆ ದಂಡಿನ ನಾಯಕರಲ್ಲೊಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಅದೇ ಬಾವುಟಗುಡ್ಡೆಯಲ್ಲಿ ನಿಂತಿತು. ಗಂಡಸರು ಹಾಗೆ ಮಂಗಳೂರಿಗೆ ನಡೆದು ಹೋದ ದಿನಗಳಲ್ಲಿ ಮನೆಯ ಮೂಲೆಯಲ್ಲಿ ಹಾಸಿಗೆ ಹಿಡಿದಿದ್ದ ಮುದುಕರಿಗೆ ಗಂಜಿ ಕುಡಿಸಿದವರು ಯಾರು, ಮಗ್ಗುಲು ಬದಲಿಸಿದವರು ಯಾರು ಎಂದು ಮಾತ್ರ ಯಾರೂ ಬರೆದಿಡಲಿಲ್ಲ. ಆ ಕೆಲಸಕ್ಕೆ ಚರಿತ್ರೆ ಇದೆಯೆಂದೇ ನಾವು ಭಾವಿಸಿದವರಲ್ಲ.

ನಮಗೆ ಈ ಯೋಚನೆ ಬಂದದ್ದು ಬೆಳ್ಳಾರೆ ಸಮೀಪದ ಒಂದು ಮನೆಯಲ್ಲಿ. ಅಡಿಕೆ ತೋಟದ ನಡುವೆ ಗಲ್ಫ್ ಹಣದಲ್ಲಿ ಎದ್ದ ಎರಡು ಅಂತಸ್ತಿನ ಮನೆ. ಗಂಡುಮಕ್ಕಳಿಬ್ಬರೂ ವಿದೇಶದಲ್ಲಿ, ಮಗಳು ಮಂಗಳೂರಿನಲ್ಲಿ. ಪಾರ್ಶ್ವವಾಯು ಬಡಿದು ಮಲಗಿದ್ದ ಉಮ್ಮನನ್ನು ನೋಡಿಕೊಳ್ಳುತ್ತಿದ್ದದ್ದು ಒಬ್ಬ ಹೋಂ ನರ್ಸ್. ಘಟ್ಟದ ಬುಡದ ಹಳ್ಳಿಯಿಂದ ಬಂದ ಹಿಂದೂ ಹೆಂಗಸು. ಮನೆಯವರು ಆಕೆಯನ್ನು 'ಸಿಸ್ಟರ್' ಎನ್ನುತ್ತಿದ್ದರು, ಆಕೆ ಮುದುಕಿಯನ್ನು 'ಉಮ್ಮ' ಎನ್ನುತ್ತಿದ್ದಳು. ಜಗಲಿಯಲ್ಲಿ ಕುಳಿತಿದ್ದ ಹಿರಿಯ ಸಂಬಂಧಿಯೊಬ್ಬರು ನಮ್ಮ ಕಡೆ ಬಾಗಿ, "ಸಂಬಳಕ್ಕೆ ಬಂದವಳು ಎಷ್ಟು ನೋಡಿಯಾಳು? ಹೆತ್ತ ಮಗಳ ಹಾಗೆ ಆಗುತ್ತದಾ?" ಎಂದರು. ನಾವು ತಲೆಯಾಡಿಸಿ ಸುಮ್ಮನಾದೆವು. ಅಂದು ನಮಗೂ ಹಾಗೆಯೇ ಅನ್ನಿಸಿತ್ತು.

ಆ ಹಿರಿಯರ ಮಾತಿನ ಹಿಂದೆ ಒಂದು ಕಾಲದ ನೆನಪಿತ್ತು. ಕರಾವಳಿಯ ಬ್ಯಾರಿಗಳಲ್ಲಿ ಹಿಂದೆ ಅನೇಕ ಕುಟುಂಬಗಳು ತಾಯಿಯ ಕಡೆಯಿಂದ ನಡೆಯುತ್ತಿದ್ದವು. ಮದುವೆಯಾದ ಮೇಲೂ ಮಗಳು ತಾಯಿಮನೆಯಲ್ಲೇ ಉಳಿಯುತ್ತಿದ್ದಳು, ಗಂಡ ಅಲ್ಲಿಗೆ ಬಂದು ಹೋಗುತ್ತಿದ್ದ. ಬಂಟರ ಅಳಿಯಸಂತಾನದ ಮನೆಗಳಲ್ಲೂ ಮಗಳು ಹುಟ್ಟಿದ ಮನೆಗೆ ಹೊರಗಿನವಳಾಗುತ್ತಿರಲಿಲ್ಲ. ಹೀಗಾಗಿ ಮುಪ್ಪಾದ ತಾಯಿ ತನ್ನ ಹೆಣ್ಣುಮಕ್ಕಳ ಕೈಯಲ್ಲೇ ಇರುತ್ತಿದ್ದಳು. ಆ ಪದ್ಧತಿ ಸಡಿಲಾದ ಮೇಲೂ ಬಹಳ ಕಾಲ ಮನೆಯಲ್ಲಿ ಹೆಂಗಸರನ್ನು ಉಳಿಸಿದ್ದು ಬೀಡಿ. ಇದನ್ನು ಹೇಳಿದರೆ ಕೆಲವರಿಗೆ ನಗು ಬರಬಹುದು. ಆದರೆ ಮೊರವನ್ನು ತೊಡೆಯ ಮೇಲಿಟ್ಟು ಎಲೆ ಕತ್ತರಿಸುತ್ತ ಕುಳಿತ ಸೊಸೆಗೆ, ಪಕ್ಕದ ಚಾಪೆಯಲ್ಲಿ ಮಲಗಿದ ಮಾವನ ಕೆಮ್ಮು ಕೇಳಿಸುತ್ತಿತ್ತು. ಕೂಲಿಯೂ ಆಗುತ್ತಿತ್ತು, ಆರೈಕೆಯೂ ಆಗುತ್ತಿತ್ತು. ಬೀಡಿಯ ಕೂಲಿ ಕಂಟ್ರಾಕ್ಟುದಾರನ ಪುಸ್ತಕದಲ್ಲಿ ಏರಿತು, ಆರೈಕೆಯ ಕೂಲಿ ಎಲ್ಲಿಯೂ ಏರಲಿಲ್ಲ. 1970ರ ದಶಕದಿಂದ ಗಲ್ಫಿನ ದಾರಿ ತೆರೆಯಿತು. ಗಂಡಸರು ಹೋದರು. ಹೆಣ್ಣುಮಕ್ಕಳು ಓದಿದರು, ಕೆಲಸಕ್ಕೆ ಹೊರಟರು, ಹೊರಡಬೇಕಾದದ್ದೇ. ಬೀಡಿಯ ಮೊರವೂ ಮೂಲೆ ಸೇರತೊಡಗಿತು. ಮುದುಕರು ಮಾತ್ರ ಹಿಂದಿಗಿಂತ ಹೆಚ್ಚು ವರ್ಷ ಬದುಕತೊಡಗಿದರು. 2011ರ ಜನಗಣತಿಯಲ್ಲಿ ದೇಶದಲ್ಲಿ ಅರುವತ್ತು ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು.

ಆದರೆ ಸಂಬಳಕ್ಕೆ ಬಂದ ಆರೈಕೆ ಎರಡನೇ ದರ್ಜೆಯದು ಎಂಬ ಮಾತನ್ನು ಹಿಂದಿನವರು ಒಪ್ಪುತ್ತಿದ್ದರೇ? ಚರಕ ಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಕಾಲುಗಳು: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಅಲ್ಲಿ ನಾಲ್ಕು ಗುಣಗಳನ್ನು ಹೇಳಿದೆ: ಉಪಚಾರದ ತಿಳಿವಳಿಕೆ, ಕೈಯ ಚುರುಕು, ರೋಗಿಯ ಮೇಲೆ ಪ್ರೀತಿ ಮತ್ತು ಶುಚಿತ್ವ. ಪ್ರೀತಿಯೊಂದೇ ಸಾಕೆಂದು ಚರಕ ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ಪ್ರೀತಿ ನಾಲ್ಕರಲ್ಲಿ ಒಂದು, ಅಷ್ಟೆ. ಅದೇ ಗ್ರಂಥದ ಇನ್ನೊಂದು ಅಧ್ಯಾಯದಲ್ಲಿ ರೋಗಿಯ ಮನೆಯನ್ನು ಹೇಗೆ ಸಜ್ಜುಗೊಳಿಸಬೇಕೆಂಬ ವಿವರಣೆಯಿದೆ. ಅನ್ನ ಬೇಯಿಸಬಲ್ಲವರು, ಮೀಯಿಸಬಲ್ಲವರು, ಮೈ ಒತ್ತಬಲ್ಲವರು, ಎತ್ತಿ ಕೂರಿಸಬಲ್ಲವರು, ಹಾಸಿಗೆ ಹಾಸಬಲ್ಲವರು, ಮದ್ದು ಅರೆಯಬಲ್ಲವರು ಬೇಕು. ಜೊತೆಗೆ ಹಾಡು ಬಲ್ಲವರು, ಕಥೆ ಬಲ್ಲವರೂ ಬೇಕು! ಕಥೆ ಬರೆದು ಬದುಕುವ ನಮಗೆ ಆ ಪಟ್ಟಿಯಲ್ಲಿ ನಮ್ಮ ಕಸುಬನ್ನು ಕಂಡು ಆದ ಸಂತೋಷವನ್ನು ಓದುಗರು ಮನ್ನಿಸಬೇಕು.

ಈ ತಿಳಿವಳಿಕೆ ಒಂದು ದೇಶದ, ಒಂದು ಧರ್ಮದ ಸೊತ್ತಾಗಿ ಉಳಿಯಲಿಲ್ಲ. ಅಬ್ಬಾಸಿ ಖಲೀಫರ ಕಾಲದಲ್ಲಿ ಚರಕ ಸಂಹಿತೆ ಅರಬಿಗೆ ಹೋಯಿತು. ಅಲ್ ರಾಝಿಯ ಬರಹಗಳಲ್ಲಿ ಚರಕನ ಹೆಸರು 'ಶರಕ್' ಎಂದಾಗಿ ಬರುತ್ತದೆ. ಇಬ್ನ್ ಸೀನಾ ತನ್ನ 'ಅಲ್ ಕಾನೂನ್'ನಲ್ಲಿ ವೃದ್ಧರಿಗೆಂದೇ ಒಂದು ಭಾಗವನ್ನು ಮೀಸಲಿಟ್ಟ. ಊಟ ಒಮ್ಮೆಲೇ ಬೇಡ, ಸ್ವಲ್ಪ ಸ್ವಲ್ಪವಾಗಿ ಎರಡು ಮೂರು ಸಲ ಕೊಡಬೇಕು. ಮೈ ಒತ್ತುವಾಗ ಹದವಿರಬೇಕು, ದುರ್ಬಲವಾದ ಅಂಗಗಳನ್ನು ಮುಟ್ಟಬಾರದು ಎಂಬುದು ಅವನ ಸಲಹೆ. ಸಾವಿರ ವರ್ಷ ಹಳೆಯ ಈ ಮಾತನ್ನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಇಂದು ಯಾವ ಹೋಂ ನರ್ಸ್ ಹೇಳಿದರೂ ಮನೆಯವರು ಆಕೆಯನ್ನು ಗದರಿಸಿಯಾರು. ಉಮ್ಮನಿಗೆ ಹೊಟ್ಟೆ ತುಂಬ ತಿನ್ನಿಸುವುದೇ ಪ್ರೀತಿ ಎಂದು ತಿಳಿದ ಮನೆಗಳು ನಮ್ಮವು.

ಕೈರೋದಲ್ಲಿ 1284ರಲ್ಲಿ ಸುಲ್ತಾನ ಕಲಾವೂನ್ ಕಟ್ಟಿಸಿದ ಮನ್ಸೂರಿ ಆಸ್ಪತ್ರೆಯ ವಕ್ಫ್ ಪತ್ರವಂತೂ ಈ ವಿಷಯದಲ್ಲಿ ಒಂದು ಪಾಠ. ಬಡವ, ಬಲ್ಲಿದ ಎಂಬ ಭೇದವಿಲ್ಲದೆ ಎಲ್ಲರಿಗೂ ಅಲ್ಲಿ ಆರೈಕೆ. ಗಂಡಸರಿಗೆ ಗಂಡು ಪರಿಚಾರಕರು, ಹೆಂಗಸರಿಗೆ ಹೆಣ್ಣು ಪರಿಚಾರಕಿಯರು. ಬೇಸಿಗೆಯಲ್ಲಿ ಬೀಸಣಿಗೆ, ಪ್ರತಿಯೊಬ್ಬ ರೋಗಿಗೂ ಮುಚ್ಚಿದ ಬೇರೆ ಬಟ್ಟಲಲ್ಲಿ ಊಟ. ಈ ಪರಿಚಾರಕರಿಗೆಲ್ಲ ವಕ್ಫಿನ ಆದಾಯದಿಂದ ಸಂಬಳ. ಸಂಬಳ ಪಡೆದದ್ದರಿಂದ ಅವರ ಸೇವೆ ಕೀಳಾಯಿತೆಂದು ವಕ್ಫ್ ಬರೆದವರಿಗೆ ಅನ್ನಿಸಲಿಲ್ಲ.

ಯುರೋಪಿನಲ್ಲಿ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಶುಶ್ರೂಷೆಯ ಕುರಿತು ಪುಸ್ತಕ ಬರೆದಾಗ ಎಲ್ಲಕ್ಕಿಂತ ಒತ್ತು ಕೊಟ್ಟದ್ದರಲ್ಲಿ ಗಮನಿಸುವ ಗುಣವೂ ಒಂದು. ರೋಗಿಯ ಕೋಣೆಯ ಬಾಗಿಲಾಚೆ ಪಿಸುಗುಟ್ಟುವುದು ಕ್ರೌರ್ಯವೆಂದು ಆಕೆ ತಿಳಿದಿದ್ದಳು. ನಮ್ಮ ಜಗಲಿಯ ಪಿಸುಮಾತು ಒಳಗೆ ಉಮ್ಮನಿಗೆ ಕೇಳಿಸಿತ್ತೇ ಎಂದು ಈಗ ನಾಚಿಕೆಯಾಗುತ್ತದೆ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಬಡವರಿಗಾಗಿ ಔಷಧಾಲಯ ತೆರೆದರು, ಹತ್ತು ವರ್ಷಗಳ ಬಳಿಕ ಕುಷ್ಠರೋಗಿಗಳಿಗೆ ಆಶ್ರಯವನ್ನೂ ಕಟ್ಟಿದರು. ಇಂದು ಸುಳ್ಯದಲ್ಲಿಯೂ ವೈದ್ಯಕೀಯ ಕಾಲೇಜು, ನರ್ಸಿಂಗ್ ಕಾಲೇಜುಗಳಿವೆ. ಅಲ್ಲಿ ಓದಿದವರು ಆಸ್ಪತ್ರೆಗೆ, ಬೆಂಗಳೂರಿಗೆ, ಹೊರದೇಶಕ್ಕೆ ಹೋಗುತ್ತಾರೆ. ಮುದುಕರ ಮಂಚದ ಬಳಿ ಹಗಲಿರುಳು ಇರಲು ಬರುವವರು ಹೆಚ್ಚಾಗಿ ಅಂತಹ ಓದು ಸಿಗದವರು.

ಕರಾವಳಿಯವರು ಈ ಕೆಲಸ ಮಾಡಲಾರರು ಎಂದಲ್ಲ. ಮಂಗಳೂರು, ಉಡುಪಿ ಕಡೆಯ ಅನೇಕರು ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿದ್ದಾರೆ. 2023ರ ಅಕ್ಟೋಬರಿನಲ್ಲಿ ಯುದ್ಧ ಆರಂಭವಾದಾಗ ಅಲ್ಲಿದ್ದ ಸುಮಾರು 18,000 ಭಾರತೀಯರಲ್ಲಿ ಹೆಚ್ಚಿನವರು ಇದೇ ಕೆಲಸದವರು. ಆ ದೇಶದ ರಾಜಕಾರಣದ ಬಗ್ಗೆ ನಮಗಿರುವ ಅಭಿಪ್ರಾಯ ಬೇರೆ ಮಾತು. ಆದರೆ ಅಲ್ಲಿ 1988ರಿಂದ ವೃದ್ಧರ ಮನೆ ಆರೈಕೆಗೆ ವಿಮೆಯ ವ್ಯವಸ್ಥೆ ಇದೆ. ನಮ್ಮಲ್ಲಿ 2007ರ ಕಾಯ್ದೆ ಹೆತ್ತವರನ್ನು ಪೋಷಿಸುವುದು ಮಕ್ಕಳ ಕರ್ತವ್ಯವೆಂದಿತು. ಮಕ್ಕಳ ಬದಲಿಗೆ ಆ ಕರ್ತವ್ಯವನ್ನು ಹೊತ್ತವಳಿಗೆ ಯಾವ ತರಬೇತಿ, ಯಾವ ರಜೆ, ಎಷ್ಟು ನಿದ್ದೆ ಎಂಬುದನ್ನು ಹೇಳಲಿಲ್ಲ. ನೆರೆಯ ಕೇರಳ ಇನ್ನೊಂದು ದಾರಿ ಹಿಡಿಯಿತು. 1993ರಲ್ಲಿ ಕೋಝಿಕೋಡಿನಲ್ಲಿ ಆರಂಭವಾದ ಸಣ್ಣ ಕ್ಲಿನಿಕ್ಕೊಂದರಿಂದ ಬೆಳೆದ ಸಾಂತ್ವನ ಚಿಕಿತ್ಸೆಗೆ 2008ರಲ್ಲಿ ಸರಕಾರವೇ ನೀತಿ ರೂಪಿಸಿತು. ಅಲ್ಲಿ ಪಂಚಾಯತಿನ ನರ್ಸ್ ಮನೆ ಮನೆಗೆ ಬರುತ್ತಾಳೆ. ಗಡಿ ದಾಟಿದರೆ ಬೆಳ್ಳಾರೆಗೆ ಅದೇನು ಬಹಳ ದೂರವಲ್ಲ.

ಹೆತ್ತವರ ಮುಂದೆ 'ಛೆ' ಎಂದೂ ಅನ್ನಬಾರದೆಂಬ ಉಪದೇಶವನ್ನು ಶುಕ್ರವಾರದ ಪ್ರವಚನಗಳಲ್ಲಿ ನಾವೆಲ್ಲ ಕೇಳಿದ್ದೇವೆ. ದುಬೈಯಲ್ಲಿರುವ ಮಗನಿಗೆ ಹಾಗೆ ಅನ್ನುವ ಸಂದರ್ಭವೇ ಬರುವುದಿಲ್ಲ. ರಾತ್ರಿ ಮೂರನೇ ಸಲ ಒದ್ದೆ ಬಟ್ಟೆ ಬದಲಿಸುವಾಗ ಆ ಪರೀಕ್ಷೆಗೆ ಕೂರುವವಳು ಸಂಬಳದವಳು.

2022ರ ಜುಲೈಯಲ್ಲಿ ಬೆಳ್ಳಾರೆಯ ಹೆಸರು ಕೊಲೆಗಳ ಸುದ್ದಿಯಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಒಂದು ವಾರದೊಳಗೆ ಎರಡೂ ಕಡೆಯ ಮನೆಗಳಲ್ಲಿ ತಾಯಂದಿರು ಅತ್ತರು. ನಿಷೇಧಾಜ್ಞೆ ಬಂತು, ಅಂಗಡಿಗಳು ಮುಚ್ಚಿದವು. ನಾವು ಹೇಳಿದ ಆ ಮನೆಯ ಸಿಸ್ಟರ್‌ಗೆ ತವರಿನಿಂದ ಮೇಲಿಂದ ಮೇಲೆ ಫೋನು: ಅಲ್ಲಿರಬೇಡ, ಹೊರಟು ಬಾ ಎಂದು. ಆಕೆ ಹೋಗಲಿಲ್ಲ. ಧೈರ್ಯದ ಮಾತೇನನ್ನೂ ಆಡಿದವಳಲ್ಲ. ಉಮ್ಮನ ಬೆನ್ನಿನ ಹುಣ್ಣು ಆಗಷ್ಟೆ ಒಣಗತೊಡಗಿದೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಮತ್ತೆ ಬಾಯಿ ಬಿಡುತ್ತದೆ ಎಂದಳಂತೆ.

ಉಮ್ಮ ತೀರಿಕೊಂಡದ್ದು ಮರುವರ್ಷ. ನಾವು ಹೋದಾಗ ಸಿಸ್ಟರ್ ತನ್ನ ಚೀಲ ತುಂಬುತ್ತಿದ್ದಳು. ಅದೇ ಹಿರಿಯರ ಕೈಯಲ್ಲಿ ಒಂದು ಇನ್ನೂರು ಪುಟದ ನೋಟ್ ಪುಸ್ತಕವಿತ್ತು. ಆಕೆ ದಿನವೂ ಬರೆದಿಟ್ಟದ್ದು. ಎಷ್ಟು ಗಂಟೆಗೆ ಎಡಕ್ಕೆ, ಎಷ್ಟು ಗಂಟೆಗೆ ಬಲಕ್ಕೆ, ಎಷ್ಟು ಚಮಚ ಗಂಜಿ, ಮೂತ್ರ ಎಷ್ಟು ಸಲ, ಸಕ್ಕರೆ ಎಷ್ಟು, ಯಾವ ರಾತ್ರಿ ನಿದ್ದೆ ಬರಲಿಲ್ಲ. ಪ್ರತಿ ಪುಟದಲ್ಲೂ ಐದು ಸಣ್ಣ ಗೀಟುಗಳು. ಅದೇನೆಂದು ಅವರು ಕೇಳಿದರು. "ಉಮ್ಮನಿಗೆ ನಮಾಝಿನ ಲೆಕ್ಕ ಮರೆತು ಹೋಗುತ್ತಿತ್ತು" ಎಂದಳು ಆಕೆ, "ಆಗಿದೆಯಾ ಇಲ್ಲವಾ ಎಂದು ನನ್ನನ್ನೇ ಕೇಳುತ್ತಿದ್ದರು. ಅದಕ್ಕೆ ಬರೆದಿಟ್ಟದ್ದು."