ಡಿಲೀಟ್ ಆಗದ ನೀಲಿ 'ಇ'ಯ ಕಥೆ

ಕಳೆದ ತಿಂಗಳು ಊರಿಗೆ ಹೋಗಿದ್ದಾಗ ಅಪ್ಪ ಹೊಸ ಫೋನನ್ನು ನನ್ನ ಕೈಗಿಟ್ಟು, "ಇದರಲ್ಲಿ ನಂಗೆ ಬೇಡದ್ದೆಲ್ಲ ತೆಗೆದುಕೊಡು ಮಾರಾಯ" ಅಂದರು. ಎರಡು ಆಟ, ಸಾಲ ಕೊಡುವ ಒಂದು ಆಪ್, ಸುದ್ದಿಯದ್ದೊಂದು... ಯಾವುದನ್ನೂ ಅಪ್ಪ ಹಾಕಿಕೊಂಡಿರಲಿಲ್ಲ, ಫೋನಿನ ಜೊತೆಗೇ ಬಂದಿದ್ದವು. ಕೆಲವು ಹೋದವು. ಮೂರು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. 'ಅನ್‌ಇನ್‌ಸ್ಟಾಲ್' ಇರಬೇಕಾದ ಜಾಗದಲ್ಲಿ 'ಡಿಸೇಬಲ್' ಅಂತ ಇತ್ತು.

"ದುಡ್ಡು ಕೊಟ್ಟವ ನಾನು. ನಾನೇ ಬೇಡ ಅಂದ್ರೂ ಇರ್ತದಾ?" ಅಂತ ಅಪ್ಪ ಕೇಳಿದರು.

"ಅದು ಸಿಸ್ಟಮ್ಮಿನ ಭಾಗ ಅಪ್ಪ, ತೆಗೆದ್ರೆ ಫೋನೇ ಕೆಡ್ತದೆ" ಅಂದು ಜಾರಿಕೊಂಡೆ. ಬೆಂಗಳೂರಿನ ಬಸ್ಸಲ್ಲಿ ನಿದ್ದೆ ಬಾರದೆ ಕೂತಿದ್ದಾಗ ಹೊಳೆಯಿತು: ಈ ಡೈಲಾಗು ನನ್ನದಲ್ಲ! ನಾನಿನ್ನೂ ತೊಟ್ಟಿಲಲ್ಲಿದ್ದಾಗ ಅಮೆರಿಕಾದ ಕೋರ್ಟಿನಲ್ಲಿ ಮೈಕ್ರೋಸಾಫ್ಟ್ ಹೇಳಿದ ಮಾತು ಅದು. ಆ ಕಥೆಯನ್ನೇ ಇವತ್ತು ಬರೆಯೋಣ ಅನ್ನಿಸಿತು.

1995ರ ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆಯಾಯಿತು. ಅಂಗಡಿಯಲ್ಲಿ ಸಿಗುತ್ತಿದ್ದ ಡಬ್ಬದೊಳಗೆ ಬ್ರೌಸರ್ ಇರಲಿಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಮೊದಲ ಆವೃತ್ತಿ 'ಪ್ಲಸ್' ಎಂಬ ಬೇರೆ ಪ್ಯಾಕಿನಲ್ಲಿತ್ತು. ಆಗ ಬ್ರೌಸರ್ ಅಂದರೆ ನೆಟ್‌ಸ್ಕೇಪ್. ಬ್ರೌಸರೇ ಮುಖ್ಯವಾಗಿಬಿಟ್ಟರೆ ಅದರ ಕೆಳಗಿರುವ ಆಪರೇಟಿಂಗ್ ಸಿಸ್ಟಮ್ ಯಾವುದಾದರೇನು ಅಂತ ಜನ ಅಂದುಕೊಂಡಾರು ಎಂಬ ಭಯ ಮೈಕ್ರೋಸಾಫ್ಟಿಗೆ ಹತ್ತಿತು. ಹಾಗಾಗಿ ಕಂಪ್ಯೂಟರ್ ತಯಾರಕರಿಗೆ ವಿಂಡೋಸ್ ಬೇಕಾದರೆ ನೀಲಿ 'ಇ' ಕೂಡ ಜೊತೆಗೇ ಇರಬೇಕು, ತೆಗೆಯುವಂತಿಲ್ಲ ಎಂಬ ಷರತ್ತು ಬಂತು.

1997ರ ಅಕ್ಟೋಬರಿನಲ್ಲಿ ಅಮೆರಿಕಾದ ನ್ಯಾಯ ಇಲಾಖೆ ಕೋರ್ಟಿಗೆ ಹೋಯಿತು. ನ್ಯಾಯಾಧೀಶರು ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್. ಡಿಸೆಂಬರ್ 11ರಂದು ಅವರು, ವಿಂಡೋಸ್ ಬೇಕೆಂದವರ ಮೇಲೆ ಬ್ರೌಸರನ್ನು ಹೇರಬೇಡಿ ಅಂತ ಮಧ್ಯಂತರ ಆದೇಶ ಕೊಟ್ಟರು. ಅದಕ್ಕೆ ಮೈಕ್ರೋಸಾಫ್ಟ್ ಕೊಟ್ಟ ಉತ್ತರ: "ಆಯ್ತು, ಎಕ್ಸ್‌ಪ್ಲೋರರ್‌ನ ಫೈಲುಗಳನ್ನೆಲ್ಲ ತೆಗೆದು ಕೊಡ್ತೀವಿ. ಆದರೆ ಆ ವಿಂಡೋಸ್ ಓಡೋದಿಲ್ಲ"!

ನ್ಯಾಯಾಧೀಶರು ಸುಮ್ಮನಿರಲಿಲ್ಲ. ಒಂದು ಕಂಪ್ಯೂಟರಿನಲ್ಲಿ 'ಆಡ್/ರಿಮೂವ್ ಪ್ರೋಗ್ರಾಮ್ಸ್' ತೆಗೆಸಿ ಎಕ್ಸ್‌ಪ್ಲೋರರನ್ನು ಅನ್‌ಇನ್‌ಸ್ಟಾಲ್ ಮಾಡಿಸಿದರು. ತೊಂಬತ್ತು ಸೆಕೆಂಡಿಗಿಂತ ಕಮ್ಮಿ ಹೊತ್ತಿನಲ್ಲಿ ಕೆಲಸ ಮುಗಿಯಿತು, ವಿಂಡೋಸ್ ಆರಾಮಾಗಿ ಓಡುತ್ತಲೇ ಇತ್ತು. ಇದನ್ನು ಓದುವಾಗ ನನಗೆ ಶಿಳ್ಳೆ ಹೊಡೆಯಬೇಕು ಅನ್ನಿಸಿತ್ತು :-)

ಆದರೆ ಸ್ವಲ್ಪ ತಡೆಯಿರಿ. ಮೈಕ್ರೋಸಾಫ್ಟ್ ಹೇಳಿದ್ದು ತಾಂತ್ರಿಕವಾಗಿ ಪೂರ್ತಿ ಸುಳ್ಳಲ್ಲ. ಆ ತೊಂಬತ್ತು ಸೆಕೆಂಡಿನಲ್ಲಿ ಹೋಗಿದ್ದು ಮುಖ್ಯವಾಗಿ ಐಕಾನು ಮತ್ತು ಒಳಹೋಗುವ ದಾರಿ. ಬ್ರೌಸರಿನ ಬಹುಪಾಲು ಕೋಡು ಡಿಸ್ಕಿನಲ್ಲೇ ಕೂತಿತ್ತು. ಹಾಗಾದರೆ 'ತೆಗೆಯುವುದು' ಅಂದರೆ ಏನು? ಬಾಗಿಲು ಹಾಕುವುದೋ, ಒಳಗಿದ್ದವರನ್ನು ಹೊರಗೆ ಕಳಿಸುವುದೋ? ಮುಂದಿನ ನಾಲ್ಕು ವರ್ಷದ ಜಗಳದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿತು.

1998ರ ಮೇ 18ರಂದು ನ್ಯಾಯ ಇಲಾಖೆ ಮತ್ತು ಹಲವು ರಾಜ್ಯಗಳು ಸೇರಿ ದೊಡ್ಡ ಮೊಕದ್ದಮೆ ಹೂಡಿದವು. ಜೂನ್ 25ರಂದು ವಿಂಡೋಸ್ 98 ಬಂತು. ಅದರಲ್ಲಿ 'ಆಡ್/ರಿಮೂವ್' ಪಟ್ಟಿಯಿಂದ ಎಕ್ಸ್‌ಪ್ಲೋರರ್ ಮಾಯ! ನ್ಯಾಯಾಧೀಶರು ಒತ್ತಿಸಿದ್ದ ಬಟನ್ನೇ ಇಲ್ಲ. ಜೊತೆಗೆ ಬ್ರೌಸರಿನ ಕೋಡು ಮತ್ತು ಸಿಸ್ಟಮ್ಮಿಗೆ ಬೇಕಾದ ಕೋಡು ಎರಡೂ ಒಂದೇ ಫೈಲುಗಳಲ್ಲಿ ಕೂತಿದ್ದವು. ಎಸ್ಎಚ್‌ಡಿಒಸಿವಿಡಬ್ಲ್ಯೂ.ಡಿಎಲ್ಎಲ್ ಅಂತೊಂದು ಫೈಲು. ಅದರಲ್ಲಿ ವೆಬ್ ಪುಟ ನೋಡಲು ಬೇಕಾದ ಕೆಲಸಗಳೂ ಇದ್ದವು, ಸಾಮಾನ್ಯ ಕಿಟಕಿಗಳನ್ನು ತೋರಿಸುವ ಕೆಲಸಗಳೂ ಇದ್ದವು. ಅಕ್ಕಿಯಲ್ಲಿ ಕಲ್ಲಿದ್ದರೆ ಆರಿಸಬಹುದು. ದೋಸೆ ಹಿಟ್ಟಿಗೆ ಬೆರೆತ ಉಪ್ಪನ್ನು ಆರಿಸಲು ಬರುತ್ತದೆಯೇ?

ಆರಿಸಬಹುದು ಅಂತ ತೋರಿಸಿದವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಎಡ್ವರ್ಡ್ ಫೆಲ್ಟನ್. ಇಬ್ಬರು ಹುಡುಗರ ಸಹಾಯದಿಂದ ಅವರೊಂದು ಪ್ರೋಗ್ರಾಂ ಬರೆದರು. ಓಡಿಸಿದರೆ ವಿಂಡೋಸ್ 98ರಲ್ಲಿ ಎಕ್ಸ್‌ಪ್ಲೋರರ್ ಮೂಲಕ ವೆಬ್ ನೋಡಲು ಬರುತ್ತಿರಲಿಲ್ಲ, ಉಳಿದದ್ದೆಲ್ಲ ನಡೆಯುತ್ತಿತ್ತು. ಅವರು ಹಂಚಿಕೆಯ ಫೈಲುಗಳನ್ನು ಪೂರ್ತಿ ಕಿತ್ತುಹಾಕಿರಲಿಲ್ಲ. ಮೈಕ್ರೋಸಾಫ್ಟ್ ಹಿಡಿದದ್ದು ಅದನ್ನೇ: ಇದು ತೆಗೆದದ್ದಲ್ಲ, ಅಡಗಿಸಿದ್ದು!

1999ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟಿನ ಹಿರಿಯ ಅಧಿಕಾರಿ ಜಿಮ್ ಆಲ್ಚಿನ್ ಕೋರ್ಟಿನಲ್ಲಿ ಒಂದು ವಿಡಿಯೋ ತೋರಿಸಿದರು. ಫೆಲ್ಟನ್ನರ ಪ್ರೋಗ್ರಾಂ ಓಡಿಸಿದರೆ ವಿಂಡೋಸ್ ನಿಧಾನವಾಗುತ್ತದೆ ಅನ್ನುವುದಕ್ಕೆ ಸಾಕ್ಷಿ. ಸರ್ಕಾರಿ ವಕೀಲ ಡೇವಿಡ್ ಬೋಯ್ಸ್ ವಿಡಿಯೋ ನಿಲ್ಲಿಸಿ ಕಿಟಕಿಯ ಮೇಲಿನ ಟೈಟಲ್ ಬಾರ್ ತೋರಿಸಿದರು. ಫೆಲ್ಟನ್ನರ ಪ್ರೋಗ್ರಾಂ ಓಡಿದ ಯಂತ್ರದಲ್ಲಿ ಆ ಅಕ್ಷರಗಳು ಹಾಗಿರಬಾರದಿತ್ತು. ಕೊನೆಗೆ ಒಂದೇ ಕಂಪ್ಯೂಟರ್ ಎಂಬಂತೆ ತೋರಿಸಿದ ವಿಡಿಯೋದಲ್ಲಿ ಬೇರೆ ಬೇರೆ ಕಂಪ್ಯೂಟರುಗಳಿದ್ದವು ಅಂತ ಮೈಕ್ರೋಸಾಫ್ಟ್ ಒಪ್ಪಿಕೊಳ್ಳಬೇಕಾಯಿತು. ಡೆಮೋ ದಿನ ಬೆವರುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ದೆವ್ವದ ಕಥೆ ಇಲ್ಲ.

ಕೋರ್ಟಿನ ಹೊರಗೂ ಒಬ್ಬ ಆಸಾಮಿ ಇದ್ದ, ಶೇನ್ ಬ್ರೂಕ್ಸ್. ಆತ ವಿಂಡೋಸ್ 98ರ ಎಕ್ಸ್‌ಪ್ಲೋರರ್ ಕವಚವನ್ನು ತೆಗೆದು, ಆ ಜಾಗಕ್ಕೆ ವಿಂಡೋಸ್ 95ರ ಹಳೆಯ ಫೈಲುಗಳನ್ನು ಕೂರಿಸಿದ. ಅದೇ '98ಲೈಟ್' ಆಯಿತು. ಹಳೇ ಯಂತ್ರ ಇಟ್ಟುಕೊಂಡವರು ಖುಷಿಯಾದರು. ನಂತರ ಎಕ್ಸ್‌ಪಿ ಕಾಲದಲ್ಲಿ ಎನ್‌ಲೈಟ್ ಬಂತು. ಬೇಡದ್ದನ್ನೆಲ್ಲ ಮೊದಲೇ ಕಿತ್ತು ಸಿಡಿ ಮಾಡಿಕೊಳ್ಳುವ ಉಪಾಯ ಅದು. ನಿಮ್ಮಲ್ಲಿ ಹಳಬರು ಬಳಸಿರುತ್ತೀರಿ.

2000ದ ಜೂನಿನಲ್ಲಿ ಜಾಕ್ಸನ್ ಕಂಪನಿಯನ್ನೇ ಎರಡು ಹೋಳು ಮಾಡಿ ಅಂದರು. ಮೇಲಿನ ಕೋರ್ಟು 2001ರ ಜೂನ್ 28ರಂದು ಆ ಆದೇಶವನ್ನು ರದ್ದು ಮಾಡಿತು. ಆದರೆ ಎರಡು ವಿಷಯದಲ್ಲಿ ತಪ್ಪು ತಪ್ಪೇ ಅಂದಿತು: 'ಆಡ್/ರಿಮೂವ್' ಪಟ್ಟಿಯಿಂದ ಬ್ರೌಸರನ್ನು ಕೈಬಿಟ್ಟದ್ದು, ಮತ್ತು ಎರಡು ಬಗೆಯ ಕೋಡನ್ನು ಒಂದೇ ಫೈಲಿನಲ್ಲಿ ಬೆರೆಸಿದ್ದು. ನನಗೆ ಇಡೀ ಕಥೆಯಲ್ಲಿ ಮುಖ್ಯ ಅನ್ನಿಸಿದ್ದು ಇದೇ. 'ತೆಗೆಯಲು ಆಗಲ್ಲ' ಅನ್ನುವುದು ಯಾವಾಗಲೂ ಪ್ರಕೃತಿ ನಿಯಮವಲ್ಲ. ಯಾರೋ ಒಬ್ಬರು ಮೀಟಿಂಗಿನಲ್ಲಿ ಕೂತು ಹಾಗೆ ತೀರ್ಮಾನ ಮಾಡಿರುತ್ತಾರೆ, ನಮ್ಮಂಥ ಇನ್ನೊಬ್ಬರು ಕೋಡ್ ಬರೆದಿರುತ್ತಾರೆ.

ಗೆದ್ದವರಿಗೆ ಸಿಕ್ಕಿದ್ದೇನು? 2002ರಲ್ಲಿ ಎಕ್ಸ್‌ಪಿಯ ಮೊದಲ ಸರ್ವಿಸ್ ಪ್ಯಾಕಿನಲ್ಲಿ ಎಕ್ಸ್‌ಪ್ಲೋರರನ್ನು ಕಣ್ಣಿಗೆ ಕಾಣದಂತೆ ಮಾಡುವ ಒಂದು ಪರದೆ. ಕೋಡು ಅಲ್ಲೇ! ಯುರೋಪು 2004ರಲ್ಲಿ 49.7 ಕೋಟಿ ಯೂರೋ ದಂಡ ಹಾಕಿ, ಮೀಡಿಯಾ ಪ್ಲೇಯರ್ ಇಲ್ಲದ ವಿಂಡೋಸನ್ನೂ ಮಾರಿ ಅಂದಿತು. 'ಎಕ್ಸ್‌ಪಿ ಎನ್' ಬಂತು, ಅದೇ ಬೆಲೆಗೆ. ಅದೇ ಬೆಲೆಗೆ ಒಂದು ವಸ್ತು ಕಮ್ಮಿ ಇರುವುದನ್ನು ಯಾರು ಕೊಳ್ಳುತ್ತಾರೆ? ಹೆಚ್ಚುಕಮ್ಮಿ ಯಾರೂ ಕೊಳ್ಳಲಿಲ್ಲ. ನೀಲಿ 'ಇ' 2022ರ ಜೂನ್ 15ರಂದು ನಿವೃತ್ತಿಯಾಯಿತು. ಅದರ ಜಾಗಕ್ಕೆ ಬಂದಿದ್ದ ಎಡ್ಜ್ ಬ್ರೌಸರನ್ನು ತೆಗೆಯುವ ಹಕ್ಕು ಯುರೋಪಿನವರಿಗೆ 2024ರಲ್ಲಿ ಹೊಸ ಕಾನೂನಿನಿಂದ ಸಿಕ್ಕಿತು.

ನಮ್ಮಲ್ಲಿ? 2022ರ ಅಕ್ಟೋಬರಿನಲ್ಲಿ ಭಾರತದ ಸ್ಪರ್ಧಾ ಆಯೋಗ ಗೂಗಲ್‌ಗೆ 1337.76 ಕೋಟಿ ರೂಪಾಯಿ ದಂಡ ಹಾಕಿತು. ಆಂಡ್ರಾಯ್ಡ್‌ನಲ್ಲಿ ಮೊದಲೇ ತುಂಬಿಟ್ಟ ಗೂಗಲ್ ಆಪ್‌ಗಳನ್ನು ಅಳಿಸಲು ಜನರಿಗೆ ಬಿಡಿ ಅಂತಲೂ ಹೇಳಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಉಳಿಸಿತು, ಅಳಿಸಲು ಬಿಡಿ ಎಂಬ ಆ ನಿರ್ದೇಶನವನ್ನೇ ಅಳಿಸಿತು! 2025ರ ನವೆಂಬರಿನಲ್ಲಿ ಸರ್ಕಾರವೇ ಸಂಚಾರ್ ಸಾಥಿ ಆಪನ್ನು ಎಲ್ಲ ಹೊಸ ಫೋನಿಗೂ ತುಂಬಿ ಅಂತ ಆದೇಶಿಸಿತು. ಗಲಾಟೆಯಾಗಿ ಡಿಸೆಂಬರ್ 3ರಂದು ಆ ಕಡ್ಡಾಯವನ್ನು ಕೈಬಿಟ್ಟಿತು.

ಮುಂದಿನ ಸಲ ಊರಿಗೆ ಹೋದಾಗ ಲ್ಯಾಪ್‌ಟಾಪ್ ಒಯ್ದೆ. ಫೋನಿಗೆ ಕೇಬಲ್ ಸಿಕ್ಕಿಸಿ ಎಡಿಬಿಯಿಂದ ಮೂರು ಕಮ್ಯಾಂಡ್ ಕೊಟ್ಟೆ. ಮೂರೂ ಆಪ್ ಹೋದವು, ಫೋನ್ ಕೆಡಲಿಲ್ಲ. ನಾನು ಅವತ್ತು ನೋಡದೇ ಹೇಳಿದ್ದು ಸುಳ್ಳಾಗಿತ್ತು. ಅದನ್ನು ಅಪ್ಪನಿಗೆ ಹೇಳಿದೆ. ಇನ್ನೊಂದು ನಿಜವನ್ನೂ ಹೇಳಿದೆ: ಆ ಆಪ್‌ಗಳ ಫೈಲುಗಳು ಸಿಸ್ಟಮ್ಮಿನ ಮೂಲೆಯಲ್ಲಿ ಇನ್ನೂ ಇವೆ, ಫೋನನ್ನು ಫ್ಯಾಕ್ಟರಿ ರಿಸೆಟ್ ಮಾಡಿದರೆ ವಾಪಸ್ ಬರುತ್ತವೆ.

"ಹಾಗಾದ್ರೆ ಹೋಗಲಿಲ್ಲ ಅನ್ನು" ಅಂದರು ಅಪ್ಪ.

ನ್ಯಾಯಾಧೀಶ ಜಾಕ್ಸನ್ನರಿಗೆ ತೊಂಬತ್ತು ಸೆಕೆಂಡಿನಲ್ಲಿ ಕಾಣದ್ದು ನಮ್ಮಪ್ಪನಿಗೆ ಎರಡು ಸೆಕೆಂಡಿನಲ್ಲಿ ಕಂಡಿತ್ತು :-) ನಿಮ್ಮ ಮನೆಯ ಫೋನಿನಲ್ಲಿ ಹೀಗೆ ಬಿಡಾರ ಹೂಡಿರುವವರು ಯಾರು ಯಾರು? ಬರೆದು ತಿಳಿಸಿ.