ಮರವಾಗಿ ಬಗ್ಗೀತೇ?

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಈ ಗಾದೆಯನ್ನು ಒಮ್ಮೆಯಾದರೂ ಹೇಳದ ಮೇಷ್ಟರು ಕನ್ನಡ ನಾಡಿನಲ್ಲಿ ಇರಲಾರರು. ನಾನಂತೂ ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ವಿಸ್ತರಿಸಿ ಬರೆಯಿರಿ ಎಂದು ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟಿದ್ದೇನೆ. ಪೋಷಕರ ಸಭೆಯಲ್ಲಿ ತಾಯಂದಿರ ಮುಂದೆ ಒಪ್ಪಿಸಿದ್ದೇನೆ. ಮನೆಪಾಠ ಮಾಡದೆ ಬಂದ ಹುಡುಗರಿಗೆ ಬೆತ್ತದ ಬದಲು ಇದರಿಂದಲೇ ಹೊಡೆದಿದ್ದೇನೆ. ಆದರೆ ಗಾದೆಯ ಮಾತು ನಿಜವೇ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಬೆಳೆದ ಮರ, ಕಡಿದು ಸೀಳಿದ ಮರ, ಅದೂ ಬಗ್ಗುತ್ತದೆ. ಅದಕ್ಕೆ ಬೇಕಾದದ್ದು ಹಬೆ, ಒಂದಿಷ್ಟು ಹೊತ್ತು, ಮತ್ತು ಬೆನ್ನಿಗೊಂದು ಆಸರೆ. ಇದನ್ನು ನಾನು ಕಲಿತದ್ದು ಕುಂದಲಹಳ್ಳಿಯ ನಮ್ಮ ಮನೆಯ ಹಿತ್ತಲಿನಲ್ಲಿ, ಮುರಿದ ಒಂದು ಕುರ್ಚಿಯ ದೆಸೆಯಿಂದ.

ಆ ಕುರ್ಚಿ ಬಂದದ್ದು ವೈಟ್‌ಫೀಲ್ಡ್‌ನಿಂದ. ಈಗಿನವರಿಗೆ ವೈಟ್‌ಫೀಲ್ಡ್ ಎಂದರೆ ಕಂಪ್ಯೂಟರ್ ಕಂಪನಿಗಳು, ಗಾಜಿನ ಕಟ್ಟಡಗಳು. ಆದರೆ 1882ರಲ್ಲಿ ಅದು ಹುಟ್ಟಿದ್ದು ಆಂಗ್ಲೋ ಇಂಡಿಯನ್ನರ ಬೇಸಾಯದ ವಸಾಹತಾಗಿ. ಮಹಾರಾಜ ಚಾಮರಾಜೇಂದ್ರ ಒಡೆಯರು ಅವರ ಸಂಘಕ್ಕೆ ಸುಮಾರು 3,900 ಎಕರೆ ಜಮೀನು ಕೊಟ್ಟರು. ಸಂಘದ ಮುಂದಾಳು ವೈಟ್ ಅವರ ಹೆಸರೇ ಊರಿನ ಹೆಸರಾಯಿತು. ಸ್ವಾತಂತ್ರ್ಯ ಬಂದ ಮೇಲೆ ಎಷ್ಟೋ ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡು, ಆಸ್ಟ್ರೇಲಿಯಾಗಳಿಗೆ ಹೊರಟವು. ಹೊರಡುವವರು ಮನೆಸಾಮಾನು ಮಾರುತ್ತಿದ್ದರು. ಹಾಗೆ ಮಾರಿದ ಒಂದು ಕುರ್ಚಿಯನ್ನು ನಮ್ಮಪ್ಪ ಕೊಂಡು, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದರಂತೆ. ಆಗ ಕುಂದಲಹಳ್ಳಿಯ ಸುತ್ತ ರಾಗಿ ಹೊಲ, ಕೆರೆ, ಹೊಂಗೆ ಸಾಲು. ಊರಿನಲ್ಲಿ ಚಾಪೆ, ಜಗಲಿ, ಮಂಚಗಳ ಹೊರತು ಕೂರಲು ಬೇರೇನೂ ಇರಲಿಲ್ಲ. ಕುರ್ಚಿ ನೋಡಲು ಜನ ಬಂದಿದ್ದರೆಂದು ಅಮ್ಮ ಹೇಳುತ್ತಿದ್ದಳು.

ನೋಡುವಂಥದ್ದೇ ಸರಿ. ಅದರಲ್ಲಿ ಒಂದು ಚೌಕಮೂಲೆಯೂ ಇಲ್ಲ. ಹಿಂಗಾಲಿನಿಂದ ಹೊರಟ ಕೋಲು ಮೇಲೇರಿ, ಬೆನ್ನಿನ ಕಮಾನಾಗಿ, ಮತ್ತೆ ಇಳಿದು ಇನ್ನೊಂದು ಹಿಂಗಾಲಾಗುತ್ತದೆ. ಆ ಕಮಾನಿನೊಳಗೆ ಇನ್ನೊಂದು ಚಿಕ್ಕ ಕಮಾನು. ಕೂರುವ ಜಾಗ ದುಂಡನೆಯ ಬಳೆ, ಅದರ ನಡುವೆ ಬೆತ್ತದ ಹೆಣಿಗೆ. ಹಗುರ ಎಂದರೆ ಒಂದೇ ಕೈಯಲ್ಲಿ ಎತ್ತಬಹುದು. ಅಪ್ಪ ಇದರಲ್ಲಿ ಕೂತು ಪತ್ರಿಕೆ ಓದುತ್ತಿದ್ದರು. ಅವರು ಹೋದ ಮೇಲೆ ಅದು ಅಟ್ಟ ಸೇರಿತು. ಎರಡು ವರ್ಷದ ಹಿಂದೆ ಕೆಳಗಿಳಿಸುವಾಗ ನನ್ನ ಕೈತಪ್ಪಿ ಬಿತ್ತು, ಒಳಗಿನ ಕಮಾನು ಎರಡು ಹೋಳಾಯಿತು. ಹುಳು ಮೊದಲೇ ತಿಂದಿತ್ತು.

ಇಂಥ ಕುರ್ಚಿಗಳಿಗೆ ಹಿಂದಿನವರು ವಿಯೆನ್ನಾ ಕುರ್ಚಿ ಎನ್ನುತ್ತಿದ್ದರು. ಹೆಸರಿನ ಹಿಂದೆ ಒಬ್ಬ ಬಡಗಿ ಇದ್ದಾನೆ, ಮೈಕೆಲ್ ಟೋನೆಟ್. ಹುಟ್ಟಿದ್ದು 1796ರಲ್ಲಿ, ಜರ್ಮನಿಯ ರೈನ್ ನದಿಯ ದಡದ ಬೊಪ್ಪಾರ್ಡ್ ಎಂಬ ಊರಿನಲ್ಲಿ. ಅವನು ಮೊದಲು ಮಾಡಿದ್ದು ತೆಳು ಮರದ ಪಟ್ಟಿಗಳನ್ನು ಬಿಸಿ ಅಂಟಿನಲ್ಲಿ ನೆನೆಸಿ, ಒಟ್ಟಿಗೆ ಬಗ್ಗಿಸಿ ಅಂಟಿಸುವ ಪ್ರಯೋಗ. 1841ರಲ್ಲಿ ಆ ಕುರ್ಚಿಗಳನ್ನು ಕಂಡ ಆಸ್ಟ್ರಿಯಾದ ಮಂತ್ರಿ ಮೆಟರ್ನಿಕ್ ಅವನನ್ನು ವಿಯೆನ್ನಾಕ್ಕೆ ಕರೆಸಿಕೊಂಡ. ಆದರೆ ಅಂಟಿಸಿದ ಕುರ್ಚಿಗಳು ಹಡಗು ಹತ್ತಿ ಸೆಕೆಯ ನಾಡುಗಳಿಗೆ ಹೋದಾಗ, ತೇವಕ್ಕೆ ಅಂಟು ಬಿಟ್ಟು ಪದರ ಪದರವಾಗಿ ಬಿಚ್ಚಿಕೊಂಡವು. ಅಂಟೇ ಇಲ್ಲದೆ ಇಡೀ ಕೋಲನ್ನೇ ಬಗ್ಗಿಸಬೇಕೆಂದು ಟೋನೆಟ್ ಹಟ ತೊಟ್ಟ. 1856ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಮೊರಾವಿಯಾದ ಕೊರಿಚಾನಿ ಎಂಬಲ್ಲಿ, ಬೀಚ್ ಮರದ ಕಾಡಿನ ಮಗ್ಗುಲಲ್ಲೇ ಕಾರ್ಖಾನೆ ತೆರೆದ. 1859ರಲ್ಲಿ ಬಂದ ಹದಿನಾಲ್ಕನೇ ನಂಬರಿನ ಕುರ್ಚಿ ಲೋಕವನ್ನೇ ಸುತ್ತಿತು. ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ಬಿಚ್ಚಿ ಜೋಡಿಸಿದರೆ ಒಂದು ಘನಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿತ್ತು. 1869ರಲ್ಲಿ ಪೇಟೆಂಟ್ ಅವಧಿ ಮುಗಿದು ಬೇರೆ ಕಂಪನಿಗಳೂ ಇಂಥದ್ದನ್ನೇ ಮಾಡತೊಡಗಿದವು. ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ಕಾಣುವುದೂ ಇದೇ ಜಾತಿಯ ಕುರ್ಚಿಗಳು. ನಮ್ಮದು ಯಾವ ಕಂಪನಿಯದೋ, ಅಡಿಯ ಚೀಟಿ ಮಾಸಿಹೋಗಿದೆ.

ಪೇಟೆಂಟ್ ಟೋನೆಟ್‌ನದು, ಸರಿ. ಆದರೆ ಮರ ಬಗ್ಗಿಸುವ ವಿದ್ಯೆ ಅವನಿಗಿಂತ ಸಾವಿರಾರು ವರ್ಷ ಹಳೆಯದು. ಈಜಿಪ್ಟಿನ ಟುಟಾಂಖಾಮನ್ ದೊರೆಯ ಗೋರಿಯಲ್ಲಿ ಸಿಕ್ಕ ರಥಗಳ ಭಾಗಗಳು ಬಗ್ಗಿಸಿದ ಮರದವು. ಋಗ್ವೇದದ ಏಳನೇ ಮಂಡಲದಲ್ಲಿ, ಒಳ್ಳೆಯ ಮರದ ಚಕ್ರದಂಚನ್ನು ಬಗ್ಗಿಸುವ ಬಡಗಿಯ ಉಪಮೆಯೇ ಬರುತ್ತದೆ. ನಮ್ಮ ಎತ್ತಿನ ಗಾಡಿಯ ಚಕ್ರ ಹಾಗಲ್ಲ, ಬಾಗಿದ ತುಂಡುಗಳನ್ನು ಕೆತ್ತಿ ಜೋಡಿಸಿ, ಮೇಲೆ ಕಬ್ಬಿಣದ ಪಟ್ಟಿ ಹಾಕಿದ್ದು. ಹಾಗೆಂದು ಬಗ್ಗಿಸುವುದು ನಮಗೆ ಗೊತ್ತಿಲ್ಲದ ಸಂಗತಿಯಲ್ಲ. ನಿಮ್ಮ ಅಡಿಗೆಮನೆಯ ಮೊರವನ್ನೇ ಎತ್ತಿ ನೋಡಿ. ಅದರ ಅಂಚಿಗೆ ಸುತ್ತಿದ ಬಿದಿರಿನ ದಬ್ಬೆ ಎಷ್ಟು ಚೆನ್ನಾಗಿ ಬಾಗಿದೆ! ಹನ್ನೆರಡನೇ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯ ಒಬ್ಬರು, ಅಷ್ಟು ಹಳೆಯ ಕಸುಬು ಇದು. ಹಸಿ ಬಿದಿರನ್ನು ಸೀಳಿ, ನೆನೆಸಿ, ಬೇಕಾದಲ್ಲಿ ಬೆಂಕಿಗೆ ಹಿಡಿದು ಬಗ್ಗಿಸುವ ಮೇದರ ಹೆಂಗಸರು ಯಾವ ಪೇಟೆಂಟನ್ನೂ ಕೇಳಿದವರಲ್ಲ. ಟೋನೆಟ್‌ನ ಕಾರ್ಖಾನೆಯ ಕಥೆಯೂ ಕೊಂಚ ಹಾಗೆಯೇ. ಮರ ಬಗ್ಗಿಸುವವರು ಗಂಡಸರು. ಉಜ್ಜಿ ನಯ ಮಾಡುವ ಕೆಲಸ, ಬೆತ್ತ ಹೆಣೆಯುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಕುರ್ಚಿಯ ಮೇಲೆ ಅವರ ಹೆಸರಿನ ಚೀಟಿ ಅಂಟಿಸಲಿಲ್ಲ.

ಮುರಿದ ಕಮಾನನ್ನು ಹಿಡಿದುಕೊಂಡು ನಾನು ಮೂರು ಅಂಗಡಿ ಅಲೆದೆ. ದಪ್ಪ ಹಲಗೆಯಲ್ಲಿ ಗರಗಸದಿಂದ ಕೊರೆದು ಕೊಡುತ್ತೇವೆ ಎಂದರು ಎಲ್ಲರೂ. ನಾಲ್ಕನೆಯ ಅಂಗಡಿಯಲ್ಲಿದ್ದವನು ನನ್ನನ್ನು ಕಂಡು ಎದ್ದು ನಿಂತ. ಕೈಯಲ್ಲಿದ್ದ ಉಳಿ ಕೆಳಗಿಟ್ಟು, “ಮಿಸ್, ಕೊರೆದು ಮಾಡಿದ್ರೆ ನಿಲ್ಲಲ್ಲ. ನಾರು ಅಡ್ಡ ಕಡಿದು ಹೋಗುತ್ತೆ, ಬಾಗಿದ ಕಡೆಯೇ ಮುರಿಯುತ್ತೆ” ಎಂದ. ನನ್ನ ಹಳೆಯ ವಿದ್ಯಾರ್ಥಿ. ಒಂಬತ್ತನೇ ತರಗತಿಯಲ್ಲಿ ಕೊನೆಯ ಬೆಂಚು, ಕೆಂಪು ಶಾಯಿಯ ಅಂಕಗಳು. ಮುಂದಿನ ವರ್ಷ ಶಾಲೆ ಬಿಟ್ಟಿದ್ದ. ಅವರಪ್ಪನೂ ಆಚಾರಿಯೇ. “ಹಬೆ ಹಾಕಿ ಬಗ್ಗಿಸಬೇಕು ಅಂತಾರೆ. ನಾನು ಮಾಡಿಲ್ಲ. ಮಾಡೋಣ್ವಾ ಮಿಸ್?” ಎಂದು ಕೇಳಿದ. ಬೇಸಗೆ ರಜೆ. ನಾನು ಹೂಂ ಅಂದೆ.

ಹಬೆಯ ಪೆಟ್ಟಿಗೆ ಮಾಡುವುದು ಇಡ್ಲಿ ಬೇಯಿಸುವಷ್ಟೇ ಸುಲಭವೆಂದು ಮೊದಲ ದಿನವೇ ತಿಳಿಯಿತು. ಹಳೆಯ ಹಲಗೆಗಳಿಂದ ನಾಲ್ಕಡಿ ಉದ್ದದ, ಒಳಗೆ ಐದಂಗುಲ ಅಗಲದ ಪೆಟ್ಟಿಗೆ ಜೋಡಿಸಿದ. ಒಳಗಿಟ್ಟ ಕೋಲು ತಳಕ್ಕೆ ತಾಗದಂತೆ ಅಡ್ಡಡ್ಡ ಕಡ್ಡಿಗಳನ್ನು ತೂರಿಸಿದ. ಹಬೆ ಸುತ್ತಲೂ ಆಡಬೇಕಲ್ಲ! ಪ್ಲಾಸ್ಟಿಕ್ ಪೈಪು ಆಗದೇ ಎಂದೆ, ಬಿಸಿಗೆ ಮೆತ್ತಗಾಗಿ ಜೋಲುತ್ತದೆ ಎಂದ. ಮದುವೆಮನೆಯಲ್ಲಿ ಕಾಫಿ ಹಂಚುವ ದೊಡ್ಡ ಅಲ್ಯುಮಿನಿಯಂ ಕೆಟಲ್ ನಮ್ಮಲ್ಲಿತ್ತು. ಅದನ್ನು ಗ್ಯಾಸಿನ ಒಲೆಯ ಮೇಲಿಟ್ಟು, ಮೂತಿಗೆ ಬಿಸಿ ತಡೆಯುವ ರಬ್ಬರ್ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಪೆಟ್ಟಿಗೆಯ ತೂತಿಗೆ ಸೇರಿಸಿದೆವು. ಮುಚ್ಚಳದ ಸಂದಿಗೆ ನಾನು ಗೋಧಿಹಿಟ್ಟಿನ ಕಣಕ ಮೆತ್ತಿದೆ. ಪೆಟ್ಟಿಗೆಯ ಬಾಯಿಗೆ ಹಳೆ ಸೀರೆಯ ತುಂಡು ತುರುಕಿದೆ, ಸಡಿಲವಾಗಿ. ಹಬೆಗೆ ಹೊರಬರಲು ದಾರಿ ಇರಲೇಬೇಕು, ಬಿಗಿಯಾಗಿ ಮುಚ್ಚಿದರೆ ಪೆಟ್ಟಿಗೆ ಬಾಂಬಿನಂತಾದೀತು. ನಮಗೆ ಬೇಕಾದದ್ದು ಕುಕ್ಕರಿನ ಒತ್ತಡವಲ್ಲ, ಬರೀ ಬಿಸಿ ಮತ್ತು ತೇವ. ಪೆಟ್ಟಿಗೆಯನ್ನು ಒಂದು ಕಡೆ ಕೊಂಚ ವಾಲಿಸಿ, ತಳದಲ್ಲಿ ನೀರು ಸೋರಲು ಒಂದು ತೂತು ಬಿಟ್ಟೆವು.

ಮರವನ್ನು ಹೀಗೆ ಬೇಯಿಸಿದರೆ ಆಗುವುದೇನು? ಮರದ ನಾರುಗಳನ್ನು ಹಿಡಿದಿಟ್ಟಿರುವುದು ಲಿಗ್ನಿನ್ ಎಂಬ ಗೋಂದಿನಂಥ ವಸ್ತು. ತೇವವಿರುವ ಮರ ನೀರು ಕುದಿಯುವಷ್ಟು ಬಿಸಿಯಾದಾಗ ಅದು ಮೆತ್ತಗಾಗುತ್ತದೆ, ನಾರುಗಳು ಒಂದರ ಮೇಲೊಂದು ಸರಿಯುತ್ತವೆ. ತಣ್ಣಗಾದರೆ ಮತ್ತೆ ಗಟ್ಟಿ. ಒಂದಂಗುಲ ದಪ್ಪಕ್ಕೆ ಒಂದು ಗಂಟೆ ಎಂಬುದು ಕಸುಬಿನ ಲೆಕ್ಕ.

ಮೊದಲ ಸಲಕ್ಕೆ ಟಿಂಬರ್ ಅಂಗಡಿಯಿಂದ ‘ಸ್ಟೀಮ್ ಬೀಚ್’ ತಂದ. ಹೆಸರಿನಲ್ಲೇ ಸ್ಟೀಮ್ ಇದೆ, ಮೂಲ ಕುರ್ಚಿಯದೂ ಬೀಚ್ ಮರವೇ, ಇನ್ನೇನು ಬೇಕು ಎಂದು ಹಿಗ್ಗಿದೆವು. ಗಂಟೆ ಕಳೆದು ಹೊರತೆಗೆದು ಅಚ್ಚಿನ ಸುತ್ತ ಒತ್ತಿದರೆ, ಪಟ್ ಎಂದು ಮುರಿಯಿತು. ಹೊರದೇಶದಿಂದ ಬರುವ ಆ ಮರಕ್ಕೆ ಹಬೆ ಹಾಕುವುದು ಬಣ್ಣಕ್ಕೆ ಮತ್ತು ಸೀಳದಿರಲಿಕ್ಕೆ. ಆಮೇಲೆ ಅದನ್ನು ಗೂಡಿನಲ್ಲಿಟ್ಟು ಚೆನ್ನಾಗಿ ಒಣಗಿಸುತ್ತಾರೆ. ಹಾಗೆ ಒಣಗಿಸಿದ ಮರ ಬಗ್ಗುವ ಗುಣವನ್ನು ಬಹಳಷ್ಟು ಕಳೆದುಕೊಂಡಿರುತ್ತದೆ.

ಹಾಗಾದರೆ ಹಸಿ ಮರ ಬೇಕು, ಯಾವುದು? ಉತ್ತರ ನಮ್ಮ ಕಣ್ಣ ಮುಂದೆಯೇ ಇತ್ತು. ಹೊಸಕೋಟೆ, ಶಿಡ್ಲಘಟ್ಟ, ಕೋಲಾರದ ಕಡೆಯ ಹೆಣ್ಣುಮಕ್ಕಳಿಗೆ ಹಿಪ್ಪುನೇರಳೆ ಎಂದರೆ ರೇಷ್ಮೆ ಹುಳುವಿನ ಮೇವು, ಅಷ್ಟೆ. ಅದೇ ಹಿಪ್ಪುನೇರಳೆ ಪಂಜಾಬಿನಲ್ಲಿ ಹಾಕಿ ಕೋಲಿನ ಮರ! ಲಾಹೋರಿನ ಬಳಿಯ ಛಾಂಗಾ ಮಾಂಗಾ ನೆಡುತೋಪನ್ನು 1866ರಲ್ಲಿ ಬೆಳೆಸತೊಡಗಿದ್ದು ರೈಲಿನ ಉರುವಲಿಗಾಗಿ. ಅಲ್ಲಿ ಹಬ್ಬಿದ ಹಿಪ್ಪುನೇರಳೆ ಸಿಯಾಲ್‌ಕೋಟಿನ ಆಟದ ಸಾಮಾನಿನ ಕಸುಬಿಗೆ ಆಧಾರವಾಯಿತು. 1947ರ ವಿಭಜನೆಯಲ್ಲಿ ಊರು ಬಿಟ್ಟ ಕುಶಲಕರ್ಮಿಗಳು ಆ ಕಸುಬನ್ನು ಜಲಂಧರಕ್ಕೆ ಹೊತ್ತು ತಂದರು. ಹಾಕಿ ಕೋಲಿನ ತುದಿಯ ಕೊಕ್ಕೆ ಕೊರೆದದ್ದಲ್ಲ, ಹಬೆಯಲ್ಲಿ ಬಗ್ಗಿಸಿದ್ದು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಮನೆತನಗಳ ಹಾಕಿ ಹಬ್ಬ ಆರಂಭಿಸಿದಾಗಲೂ ಬಯಲಲ್ಲಿ ಕಾಣುತ್ತಿದ್ದದ್ದು ಬಹುಮಟ್ಟಿಗೆ ಮರದ ಕೋಲುಗಳೇ.

ಹೊಸಕೋಟೆಯ ಕಡೆ ಬದುವಿನಲ್ಲಿ ಬೆಳೆದಿದ್ದ ಹಿಪ್ಪುನೇರಳೆಯ ನೆಟ್ಟನೆಯ ಕೊಂಬೊಂದನ್ನು ನೆಂಟರು ಕೊಟ್ಟರು. ಗಂಟಿಲ್ಲದ ಭಾಗವನ್ನು ಆರಿಸಿ, ನಾರಿನ ಓಟವನ್ನೇ ಅನುಸರಿಸಿ ಸೀಳಿ, ದುಂಡಗೆ ಹೆರೆದ. ಈ ಸಲ ಮುರಿಯಲಿಲ್ಲ, ಆದರೆ ಬಾಗಿದ ಹೊರಮೈಯಲ್ಲಿ ನಾರು ಸಿಬಿರು ಸಿಬಿರಾಗಿ ಎದ್ದಿತು. ಟೋನೆಟ್‌ನ ನಿಜವಾದ ಜಾಣತನ ನಮಗೆ ಅರ್ಥವಾದದ್ದು ಆಗ. ಬೆಂದ ಮರ ಎಷ್ಟು ಬೇಕಾದರೂ ಕುಗ್ಗಬಲ್ಲದು, ನೂರಕ್ಕೆ ಇಪ್ಪತ್ತು ಇಪ್ಪತ್ತೈದು ಪಾಲಿನವರೆಗೆ. ಹಿಗ್ಗುವುದು ಮಾತ್ರ ನೂರಕ್ಕೆ ಒಂದೆರಡು ಪಾಲು, ಅದಕ್ಕೂ ಮೀರಿ ಎಳೆದರೆ ಹರಿಯುತ್ತದೆ. ಆದ್ದರಿಂದ ಅವನು ಹೊರಮೈಗೆ ಉಕ್ಕಿನ ಪಟ್ಟಿಯೊಂದನ್ನು ಒತ್ತಿ, ಎರಡೂ ತುದಿಯನ್ನು ಬಿಗಿದು, ಪಟ್ಟಿಯ ಸಮೇತ ಬಗ್ಗಿಸಿದ. ಎಳೆತವನ್ನೆಲ್ಲ ಪಟ್ಟಿ ಹೊತ್ತಿತು, ಮರ ಒಳಗೊಳಗೇ ಕುಗ್ಗಿ ಬಾಗಿತು. ಇದನ್ನು ಹೆಣ್ಣಿನ ಬಾಳಿಗೆ ಹೋಲಿಸಿ ಬಗ್ಗಿ ನಡೆಯಿರಿ ಎಂದು ಉಪದೇಶಿಸುವ ಆಸೆ ನನಗಿಲ್ಲ, ಅದನ್ನು ಕೇಳಿ ಕೇಳಿ ನಮಗೆಲ್ಲ ಸಾಕಾಗಿದೆ. ಪಟ್ಟಿಯಿಲ್ಲದೆ ಬಗ್ಗಿಸಿದರೆ ಹರಿಯುತ್ತದೆ ಎಂಬುದನ್ನಷ್ಟೇ ಗುರುತು ಮಾಡಿಕೊಂಡೆ.

ಮಹದೇವಪುರದ ಗುಜರಿಯಿಂದ ಪೆಟ್ಟಿಗೆ ಬಿಗಿಯುವ ಉಕ್ಕಿನ ಪಟ್ಟಿ ಬಂತು. ಅದರ ಎರಡು ತುದಿಗೆ ಮರದ ತಡೆ ಹಾಕಿದ. ಮೂರನೆಯ ಕೋಲು ಒಂದು ಗಂಟೆಗೂ ಮೇಲೆ ಬೆಂದಿತು. ಹೊರತೆಗೆದ ಮೇಲೆ ಸಿಗುವುದು ಒಂದೇ ನಿಮಿಷ, ಅಷ್ಟರಲ್ಲಿ ಆರುತ್ತದೆ. ಕೈಗವಸು ಹಾಕಿಕೊಂಡು ನಾನೊಂದು ತುದಿ, ಅವನೊಂದು ತುದಿ ಹಿಡಿದು ಅಚ್ಚಿನ ಸುತ್ತ ತಂದೆವು. ಮರ ಬೆಣ್ಣೆಯಂತಲ್ಲದಿದ್ದರೂ ಒಲ್ಲೆನೆನ್ನದೆ ಬಂತು. ಕ್ಲ್ಯಾಂಪು ಬಿಗಿದು ಅವನು ಬೆವರು ಒರೆಸಿಕೊಂಡ.

“ಮಿಸ್, ನೀವು ಒಂದು ಗಾದೆ ಹೇಳಿದ್ರಿ ನನಗೆ. ನೆನಪಿದೆಯಾ?” ಎಂದ, ನಗುತ್ತಲೇ.

ನನಗೆ ನೆನಪಿರಲಿಲ್ಲ. ಅವನಿಗಿತ್ತು. ಕಿರುಪರೀಕ್ಷೆಯ ಹಾಳೆ ಕೊಡುವಾಗ, ಇಡೀ ತರಗತಿಯ ಮುಂದೆ, ಅವರಪ್ಪನೂ ಬಾಗಿಲಲ್ಲಿ ನಿಂತಿದ್ದಾಗ ಹೇಳಿದ್ದೆನಂತೆ. ಅದಕ್ಕೇ ಶಾಲೆ ಬಿಟ್ಟೆಯಾ ಎಂದು ಕೇಳಿದೆ. “ಇಲ್ಲ ಮಿಸ್, ಮನೇಲಿ ಕಷ್ಟ ಇತ್ತು. ಆದ್ರೆ ಅಪ್ಪ ಅವತ್ತೇ ತೀರ್ಮಾನ ಮಾಡಿದ್ರು.” ಅಷ್ಟು ಹೇಳಿ ಒಲೆ ಆರಿಸಲು ಹೋದ. ನಾನು ಹಿತ್ತಲ ಕಲ್ಲಿನ ಮೇಲೆ ಕೂತುಬಿಟ್ಟೆ. ಗಿಡವೆಂದು ನನ್ನ ಕೈಗೆ ಕೊಟ್ಟ ಹುಡುಗನನ್ನು ಮರವೆಂದು ನಾನೇ ತೀರ್ಪು ಕೊಟ್ಟಿದ್ದೆ. ಬಿಸಿ ಧಾರಾಳವಾಗಿ ಕೊಟ್ಟೆ, ಹೊರಮೈಗೆ ಪಟ್ಟಿ ಹಾಕಲಿಲ್ಲ.

ವಾರ ಕಳೆದು ಕ್ಲ್ಯಾಂಪು ಬಿಚ್ಚಿದಾಗ ಕಮಾನು ಸ್ವಲ್ಪ ಹಿಂದಕ್ಕೆ ಸರಿದು ಅಗಲವಾಯಿತು. ಬಗ್ಗಿಸಿದ ಮರ ಕೊಂಚ ಹಿಂದೆಗೆದೇ ತೀರುತ್ತದೆ, ಆ ಲೆಕ್ಕ ಹಿಡಿದೇ ಅವನು ಅಚ್ಚನ್ನು ಕಿರಿದಾಗಿ ಮಾಡಿದ್ದ. ಇನ್ನಷ್ಟು ವಾರ ನೆರಳಲ್ಲಿ ಒಣಗಿಸಿ, ಪಾಲಿಷ್ ಹಚ್ಚಿ ಜೋಡಿಸಿದ. ಹಳೆಯ ಬೀಚ್ ಮರದ ನಡುವೆ ಹಿಪ್ಪುನೇರಳೆಯ ಹಳದಿ ಬಣ್ಣ ಎದ್ದು ಕಾಣುತ್ತದೆ. ಬಣ್ಣ ಹೊಂದಿಸಿ ಕೊಡಲೇ ಎಂದ. ಬೇಡವೆಂದೆ, ಕಾಣಲಿ.

ಕುರ್ಚಿ ಈಗ ನಮ್ಮ ಪಡಸಾಲೆಯಲ್ಲಿದೆ. ಅವನು ಹಿಂದಿನ ತಿಂಗಳು ಮಗಳನ್ನು ಕರೆದುಕೊಂಡು ಬಂದಿದ್ದ. ಐದನೇ ತರಗತಿ, ಲೆಕ್ಕದಲ್ಲಿ ಹಿಂದೆ. “ಸ್ವಲ್ಪ ನೋಡಿ ಮಿಸ್” ಎಂದು ಬಿಟ್ಟುಹೋದ. ಆ ಮಗು ಅಪ್ಪ ಬಗ್ಗಿಸಿದ ಕಮಾನಿಗೆ ಬೆನ್ನು ಕೊಟ್ಟು ಕೂತು ಭಿನ್ನರಾಶಿ ಮಾಡುತ್ತಿದೆ. ನಿಧಾನವಾಗಿಯೇ ಮಾಡುತ್ತಿದೆ. ನಾನು ಗಡಿಯಾರ ನೋಡುತ್ತಿಲ್ಲ.